ಎರಡನೇ ಗುಂಡು

ನಮ್ಮ ಕಡೆ ಮನೆಯಲ್ಲಿ ಗಂಡು ಹುಟ್ಟಿದರೆ ಕೋವಿಯಿಂದ ಒಂದು ಗುಂಡು ಹಾರಿಸುವುದುಂಟು. ಯಾರಾದರೂ ಸತ್ತರೆ ಎರಡು, ಒಂದರ ಹಿಂದೆ ಒಂದು. ಹೆಣ್ಣು ಹುಟ್ಟಿದರೆ ಮದ್ದು ಉಳಿಯಿತು, ಅಷ್ಟೆ. ಗದ್ದೆಯಲ್ಲಿದ್ದವರು, ತೋಟದಲ್ಲಿದ್ದವರು ಮೊದಲನೇ ಗುಂಡು ಕೇಳಿದ ಕೂಡಲೇ ಕೆಲಸ ನಿಲ್ಲಿಸಿ ಕಾಯುತ್ತಾರೆ. ಎರಡನೆಯದು ಬರಲಿಲ್ಲವೋ, ಯಾರ ಮನೆಯಲ್ಲಿ ಗಂಡು ಅಂತ ನಗುತ್ತಾ ಕೇಳುತ್ತಾರೆ. ಬಂತೋ, ಗಂಡಸರು ತಲೆವಸ್ತ್ರ ತೆಗೆದು ಎದೆಗೆ ಹಿಡಿದು ತಲೆ ಬಗ್ಗಿಸಿ ನಿಲ್ಲುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ ಮಾರಾಯ್ರೆ, ಯಾಕೆಂದರೆ ನನ್ನ ಮೈದುನನ ಬಾಳು ಹಾಳಾದದ್ದು ಇದರಿಂದಲೇ.

ಅವನ ಹೆಸರು ಧರ್ಮಪಾಲ. ಊರಿನಲ್ಲಿ ಹಾಗೆ ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕೆಪ್ಪ ಅಂದರೆ ದಾರಿ ತೋರಿಸುತ್ತಿದ್ದರು. ಹುಟ್ಟು ಕೆಪ್ಪನಲ್ಲ ಅವನು. ಅವನು ಹುಟ್ಟಿದ ದಿನ ಹಾರಿಸಿದ ಗುಂಡಿಗೆ ಬೆಚ್ಚಿ ಬಿದ್ದು ಅತ್ತನಂತೆ, ನಮ್ಮ ಅತ್ತೆ ಹೇಳಿ ಹೇಳಿ ಕಣ್ಣೀರು ಹಾಕುತ್ತಿದ್ದರು. ಮೂರು ವರ್ಷದವನಿದ್ದಾಗ ದೊಡ್ಡ ಜ್ವರ ಬಂತು, ಜ್ವರ ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಮಾತೂ ಅಲ್ಲಿಗೇ ನಿಂತಿತು.

ನಾನು ಬೊಳ್ಳಮ್ಮ. ಅವನ ಅಣ್ಣ ಗುರುವಪ್ಪನನ್ನು ಮದುವೆಯಾಗಿ ಆ ಮನೆಗೆ ಬಂದವಳು. ಕೊಡಗಿನ ಮೂರ್ನಾಡಿನಿಂದ ಬೇತ್ರಿ ಕಡೆ ಇಳಿದರೆ ಕಾವೇರಿ ಹೊಳೆಯ ಬದಿಯಲ್ಲಿ ನಮ್ಮ ಗದ್ದೆ, ಗದ್ದೆಯ ಮೇಲೆ ಮನೆ. ನಾನು ಬಂದಾಗ ಧರ್ಮ ಇನ್ನೂ ಮೀಸೆ ಮೂಡದ ಹುಡುಗ. ಶಾಲೆಗೆ ಕಳಿಸಿದ್ದರಂತೆ, ಮೇಷ್ಟ್ರು "ಕಿವುಡನ ಮುಂದೆ ಶಂಖ ಊದಲು ನನಗೆ ಸಂಬಳ ಇಲ್ಲ" ಅಂತ ವಾಪಸು ಕಳಿಸಿದನಂತೆ. ಅಂಥ ಮೇಷ್ಟ್ರಿಗೆ ಸಂಬಳ ಕೊಟ್ಟವರನ್ನು ಹೇಳಬೇಕು.

ದನದ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ನಾನೇ ಅವನಿಗೆ ಅವನ ಹೆಸರು ಬರೆಯಲು ಕಲಿಸಿದೆ. ನಾನು ಕಲಿತದ್ದೇ ನಾಲ್ಕನೇ ಕ್ಲಾಸು, ಅವನಿಗೆ ಹತ್ತಿದ್ದು ಆ ನಾಲ್ಕು ಅಕ್ಷರ ಮಾತ್ರ. ಆದರೆ ಏನು ಹತ್ತಿತು ಅಂತೀರಿ. ಅಕ್ಕಿ ಆರಿಸುವ ಮೊರದಲ್ಲಿ ಬೆರಳಿನಿಂದ ಬರೆಯುತ್ತಿದ್ದ, ಗದ್ದೆಯ ಕೆಸರಿನಲ್ಲಿ ಬರೆಯುತ್ತಿದ್ದ. ನಮ್ಮಿಬ್ಬರಿಗೆ ಕೈಮಾತು ಇತ್ತು. ಮೂಗುತಿ ಮುಟ್ಟಿದರೆ ನಾನು, ಮೀಸೆ ತಿರುವಿದರೆ ನನ್ನ ಗಂಡ. ಊರಿನವರು ಅವನನ್ನು ತೋರಿಸಲು ಕಿವಿಗೆ ಬೆರಳಿಟ್ಟು ಕೈ ಅಲ್ಲಾಡಿಸುತ್ತಿದ್ದರು. ಅವನು ಮಾತ್ರ ತನ್ನನ್ನು ಹಾಗೆ ಹೇಳಿಕೊಂಡವನಲ್ಲ. ಎದೆಯ ಮೇಲೆ ಬೆರಳಿನಿಂದ ದೊಡ್ಡದಾಗಿ 'ಧ' ಬರೆದು, ನಾನು, ಅಂತ ತಲೆ ಎತ್ತುತ್ತಿದ್ದ.

"ಏ ಮಹಾರಾಯ, ಅಷ್ಟು ದೊಡ್ಡದಾಗಿ ಬರೆದರೆ ಎದೆ ಹರಿದೀತು" ಅಂತ ನಾನು ಕೈಯಲ್ಲೇ ಚೇಷ್ಟೆ ಮಾಡುತ್ತಿದ್ದೆ. ಅವನು ನನ್ನ ಮೂಗುತಿ ಹೊಳೆಗೆ ಬಿದ್ದ ಹಾಗೆ, ತಾನು ಮುಳುಗಿ ಹುಡುಕಿದ ಹಾಗೆ, ಸಿಕ್ಕದೆ ಮೇಲೆ ಬಂದ ಹಾಗೆ ಮಾಡಿ ತೋರಿಸಿ ನನ್ನನ್ನು ನಗಿಸುತ್ತಿದ್ದ.

ಈಜನ್ನು ಅವನಿಗೆ ಯಾರೂ ಕಲಿಸಿದ್ದಲ್ಲ. ಹೊಳೆಯಾಚೆ ಮೇಯಲು ಹೋದ ಎಮ್ಮೆಗಳನ್ನು ತರಲು ಹೋಗಿ ಹೋಗಿ ಕಲಿತ. ಹೊಳೆ ಬದಿಯವರ ಈಜು ಗೊತ್ತಲ್ಲ, ತಲೆ ನೀರಿನ ಮೇಲೆ, ಕಣ್ಣು ಎದುರಿನ ದಡದ ಮೇಲೆ. ಮಳೆಗಾಲದಲ್ಲಿ ಬೇತ್ರಿ ಸೇತುವೆಯ ಕೆಳಗೆ ತೇಲಿ ಬರುವ ಮರದ ದಿಮ್ಮಿಗಳನ್ನು ಬೇರೆಯವರು ದಡದಿಂದ ನೋಡಿ ಬಾಯಿ ಬಿಡುತ್ತಿದ್ದರು, ಇವನು ಹಾರಿ ಎಳೆದು ತರುತ್ತಿದ್ದ. ನಮ್ಮ ಕೊಟ್ಟಿಗೆಯ ಅರ್ಧ ಮರ ಹೊಳೆಯದ್ದೇ. ಅದಕ್ಕೆ ಹೊಗಳಿಕೆ ಬಂದದ್ದು ಯಾರಿಗೆ? ನನ್ನ ಗಂಡನಿಗೆ. ಗುರುವಪ್ಪ ಗೌಡರ ಕೊಟ್ಟಿಗೆ ಗಟ್ಟಿ ಅಂತ.

ಮೂರ್ನಾಡಿನಲ್ಲಿ ಸುಬೇದಾರ್ ಪೂವಯ್ಯ ಅಂತ ಒಬ್ಬರು ಇದ್ದರು. ಕೊಡವರು, ಮಿಲಿಟರಿಯಿಂದ ನಿವೃತ್ತರಾಗಿ ಬಂದವರು, ಸುಮ್ಮನೆ ಕೂರುವ ಜಾತಿಯಲ್ಲ. ಸುಗ್ಗಿಯ ಹಬ್ಬ ಹುತ್ತರಿ ಕಳೆದು ಹೊಳೆ ಇಳಿದ ಮೇಲೆ ಬೇತ್ರಿಯಲ್ಲಿ ಈಜಿನ ಪಂದ್ಯ ಶುರು ಮಾಡಿದರು. ಕೋವಿ ಹಾರಿಸಿದ ಕೂಡಲೇ ಹಾರಬೇಕು, ಆಚೆ ದಡ ಮುಟ್ಟಿದವನು ಗೆದ್ದ. ಧರ್ಮನಿಗೆ ಕೋವಿ ಕೇಳುವುದಿಲ್ಲ, ಆದರೆ ಹೊಗೆ ಕಾಣುತ್ತದಲ್ಲ. ಸದ್ದು ಉಳಿದವರ ಕಿವಿಗೆ ಬೀಳುವಷ್ಟರಲ್ಲಿ ಇವನು ನೀರಿನಲ್ಲಿ. ಮೊದಲ ವರ್ಷ ಗೆದ್ದಾಗ ಜನ ನಕ್ಕರು, ಎರಡನೇ ವರ್ಷ ಸುಮ್ಮನಾದರು, ಮೂರನೇ ವರ್ಷ ಕೆಪ್ಪನಿಗೆ ಬೇರೆ ಪಂದ್ಯ ಮಾಡಿ ಅಂತ ಗೊಣಗಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಒಂದು ಮಾತು. ಯಾರಾದರೂ ಗುಂಡಿಗೆ ಮೊದಲೇ ಹಾರಿಬಿಟ್ಟರೆ ಎಲ್ಲರನ್ನೂ ವಾಪಸು ಕರೆಯಬೇಕು. ಬೇರೆ ಊರುಗಳಲ್ಲಿ ಅದಕ್ಕೆ ಎರಡನೇ ಗುಂಡು ಹಾರಿಸುತ್ತಾರಂತೆ. ನಮ್ಮಲ್ಲಿ ಅದು ಸಾಧ್ಯವೇ? ಆಟಕ್ಕೆ ಎರಡು ಗುಂಡು ಹಾರಿಸಿದರೆ ಸುತ್ತಲಿನ ಊರಿನವರೆಲ್ಲ ಹೆಣ ಹುಡುಕಿಕೊಂಡು ಬಂದಾರು. ಅದಕ್ಕೆ ಪೂವಯ್ಯನವರು ದೋಣಿಯ ಕಾಳನನ್ನು ನಡುನೀರಿನಲ್ಲಿ ನಿಲ್ಲಿಸುತ್ತಿದ್ದರು, ತಪ್ಪಾದರೆ ಅವನು ದೋಣಿ ಅಡ್ಡ ಹಾಕುತ್ತಿದ್ದ.

ಗೆದ್ದವರ ಹೆಸರನ್ನು ಮೂರ್ನಾಡಿನ ಶಾಂತಪ್ಪನವರ ಅಂಗಡಿಯ ಹೊರಗೆ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಶಾಂತಪ್ಪ ಸೋಮವಾರಪೇಟೆ ಕಡೆಯಿಂದ ಬಂದ ಲಿಂಗಾಯತರು, ಅಕ್ಷರ ಮುತ್ತಿನ ಹಾಗೆ. ಕೆಪ್ಪ ಅಂತ ಬರೆಯಲಿಲ್ಲ ಅವರು, ಧರ್ಮಪಾಲ ಅಂತಲೇ ಬರೆದರು. ಧರ್ಮ ಅದರ ಎದುರು ನಿಂತು ಒಂದೊಂದೇ ಅಕ್ಷರದ ಮೇಲೆ ಬೆರಳು ಇಟ್ಟು, ಅಳಿಸಿಹೋದೀತು ಅಂತ ಬೆರಳು ತಾಗಿಸದೆ, ಓದಿದ. ನಾನು ಪಕ್ಕದಲ್ಲಿದ್ದೆ. ಅವತ್ತಿನ ಅವನ ಮುಖವನ್ನು ನಾನು ಇವತ್ತಿಗೂ ಮರೆತಿಲ್ಲ.

ಐವತ್ತಾರರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯ ತನಕ ನಮ್ಮದೇ ರಾಜ್ಯ, ಮಂತ್ರಿಗಳು ಇಬ್ಬರೇ ಆದರೂ ನಮ್ಮವರು. ಆಮೇಲೆ ಎಲ್ಲದಕ್ಕೂ ಮೈಸೂರು ಕಡೆ ಇಳಿಯಬೇಕು. ಸೇರಿ ಎರಡು ವರ್ಷವಾಗಿರಬೇಕು, ಪೂವಯ್ಯನವರು ಮನೆಗೆ ಬಂದು ಜಗಲಿಯಲ್ಲಿ ಕೂತು ಹೇಳಿದರು, "ಬೊಳ್ಳಮ್ಮ, ಮೈಸೂರಿನಲ್ಲಿ ರಾಜ್ಯದ ಈಜು ತಂಡಕ್ಕೆ ಆಯ್ಕೆ ಉಂಟು. ಆಯ್ಕೆಯಾದವರಿಗೆ ಅಲ್ಲೇ ಈಜುಕೊಳದಲ್ಲಿ ಕೆಲಸ, ಇರಲು ಕೋಣೆ. ಧರ್ಮನನ್ನು ಕಳಿಸಿ."

ನಾನು ಅದನ್ನು ಕೈಯಲ್ಲಿ ಹೇಳಿದೆ. ದೊಡ್ಡ ಊರು, ನೀರು, ನಿನಗೇ ಒಂದು ಕೋಣೆ, ಬಾಗಿಲ ಮೇಲೆ ನಿನ್ನ ಹೆಸರು. ಬಾಗಿಲ ಹೆಸರು ನಾನೇ ಸೇರಿಸಿದ್ದು. ಅವನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆ ಮನೆಯಲ್ಲಿ ಅವನಿಗೆ ಏನಿತ್ತು ಹೇಳಿ. ಬೆಳಕು ಹರಿಯುವ ಮೊದಲು ಉಳಲು ಏರು ಕಟ್ಟುವುದು, ಎಲ್ಲರೂ ಉಂಡ ಮೇಲೆ ಹಿಂದಿನ ಜಗಲಿಯಲ್ಲಿ ಉಣ್ಣುವುದು, ಅಣ್ಣನ ಹಳೆಯ ಅಂಗಿ ಹಾಕುವುದು. ಹೆಣ್ಣು ಹುಡುಕುವ ಮಾತು ಯಾರೂ ಎತ್ತಲಿಲ್ಲ. ಸ್ವಂತ ತಮ್ಮನನ್ನೇ ಜೀತಕ್ಕೆ ಇಟ್ಟುಕೊಂಡ ಮನೆ ಅದು. ಅಲ್ಲಿಂದ ಹೊರಗೆ ಹೋಗಲು ಅವನಿಗೆ ಸಿಕ್ಕಿದ್ದು ಅದೊಂದೇ ಬಾಗಿಲು.

ನನ್ನ ಗಂಡನಿಗೆ ಇಷ್ಟವಿರಲಿಲ್ಲ. "ಕೆಪ್ಪಂಗೆ ಮೈಸೂರ್ ಎಂತಕೆ?" ಅಂದ ನಮ್ಮ ಅರೆಭಾಷೆಯಲ್ಲಿ. "ಇವ ಹೋದರೆ ಗದ್ದೆ ಯಾರು ಉಳುವುದು, ನಿನ್ನಪ್ಪನಾ?"

"ನನ್ನಪ್ಪ ಯಾಕೆ, ನಿಮ್ಮ ಮೀಸೆಯನ್ನೇ ನೊಗಕ್ಕೆ ಕಟ್ಟಿ" ಅಂದೆ. ಒಲೆ ಹಚ್ಚುವುದಿಲ್ಲ ಅಂತ ಕೂತೆ. ಮಾರನೇ ದಿನ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ತಾನೂ ಜೊತೆಗೆ ಹೋಗುತ್ತೇನೆ ಅಂದ. ಆಗಲೇ ನನಗೆ ಅನುಮಾನ ಬರಬೇಕಿತ್ತು ಅಂತ ಈಗ ಅನ್ನಿಸುತ್ತದೆ, ಆದರೆ ಅವತ್ತು ಖುಷಿಯಾಯಿತು.

ಪಂದ್ಯ ಮೈಸೂರಿನ ಹೊರಗೆ ಒಂದು ಕೆರೆಯಲ್ಲಿ. ಈ ದಡದಿಂದ ಆ ದಡಕ್ಕೆ. ಅಲ್ಲಿ ಪೊಲೀಸಿನವರ ಬಂದೂಕು, ಮೊದಲ ಗುಂಡಿಗೆ ಹಾರುವುದು, ತಪ್ಪಾದರೆ ಎರಡನೇ ಗುಂಡಿಗೆ ವಾಪಸು. ಪೂವಯ್ಯನವರು ಮುಂಚಿತವಾಗಿ ಹೋಗಿ ಮಾತಾಡಿ ಬಂದರು. ಇವನೊಬ್ಬನಿಗಾಗಿ ಪದ್ಧತಿ ಬದಲಾಯಿಸಲು ಆಗುವುದಿಲ್ಲ, ಬೇಕಾದರೆ ನಿಮ್ಮವರು ಒಬ್ಬರು ಆಚೆ ದಡದಲ್ಲಿ ನಿಂತು ಸನ್ನೆ ಮಾಡಲಿ ಅಂದರಂತೆ. ಸರಿ, ಗುರುವಪ್ಪ ನಿಲ್ಲುವುದು ಅಂತಾಯಿತು. ಅವನ ಹತ್ತಿರ ಕೆಂಪು ತಲೆವಸ್ತ್ರ ಇತ್ತು, ಒಂದು ಮೈಲಿಯಿಂದ ಕಾಣುವಂಥದ್ದು. ಎರಡನೇ ಗುಂಡು ಕೇಳಿದ ಕೂಡಲೇ ಅದನ್ನು ತೆಗೆದು ಬೀಸಬೇಕು. ತಲೆ ಎತ್ತಿ ಈಜುವವನಿಗೆ ಕಂಡೇ ಕಾಣುತ್ತದೆ.

ನಮ್ಮ ಹೊಳೆಯಲ್ಲಿ ಅಭ್ಯಾಸ ನಡೆಯಿತು. ಈಚೆ ದಡದಲ್ಲಿ ಪೂವಯ್ಯನವರು, ಆಚೆ ದಡದಲ್ಲಿ ನನ್ನ ಗಂಡ. ಎರಡನೇ ಗುಂಡನ್ನು ಅಲ್ಲಿ ಹಾರಿಸುವ ಹಾಗಿಲ್ಲವಲ್ಲ, ಅದಕ್ಕೆ ಪೂವಯ್ಯನವರು ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಚಪ್ಪಾಳೆ ಕೇಳಿದ ಕೂಡಲೇ ಕೆಂಪು ವಸ್ತ್ರ ಮೇಲೆ. ಧರ್ಮ ಅದನ್ನು ನೋಡಿ ಅಲ್ಲೇ ತಿರುಗಿ ವಾಪಸು. ಒಂದು ಸಲವೂ ತಪ್ಪಲಿಲ್ಲ. ಎಲ್ಲರೂ ಹುಷಾರಿ ಜನ ನೋಡಿ, ಚಪ್ಪಾಳೆಗೂ ಗುಂಡಿಗೂ ಇರುವ ವ್ಯತ್ಯಾಸ ಒಬ್ಬರ ತಲೆಗೂ ಹೋಗಲಿಲ್ಲ. ನನ್ನ ತಲೆಗೂ ಇಲ್ಲ.

ಅವರು ಹೊರಟ ದಿನ ಅವನ ಅಂಗಿಗೆ ನಾನು ಇಸ್ತ್ರಿ ಹಾಕಿ ಕೊಟ್ಟೆ, ಕಡುಬು ಕಟ್ಟಿ ಕೊಟ್ಟೆ. ಬಸ್ಸಿನ ಕಿಟಕಿಯಿಂದ ಅವನು ಎದೆಯ ಮೇಲೆ 'ಧ' ಬರೆದು ತೋರಿಸಿದ. ಮೂರನೇ ದಿನ ಸಂಜೆ ಬಸ್ಸಿನಲ್ಲಿ ಇಬ್ಬರೂ ಇಳಿದು ಬಂದರು. ನನ್ನ ಗಂಡ ಕಾಲು ತೊಳೆಯುತ್ತಾ ಹೇಳಿದ, "ನಾನು ಬೀಸಿದೆ, ಕೆಪ್ಪ ನೋಡಲಿಲ್ಲ. ಕಿವಿಯಂತೂ ಇಲ್ಲ, ಕಣ್ಣೂ ಇಲ್ಲ ಇವಂಗೆ."

ಧರ್ಮ ಅಂಗಳದಲ್ಲೇ ನಿಂತಿದ್ದ. ಮೀಸೆ ತಿರುವಿ ತೋರಿಸಿದ, ತಲೆಯ ಮೇಲೆ ವಸ್ತ್ರ ಸುತ್ತಿದ ಹಾಗೆ ಮಾಡಿದ, ಆಮೇಲೆ ಎರಡೂ ಅಂಗೈ ಬಿಚ್ಚಿ ನನ್ನನ್ನು ನೋಡಿದ. ಯಾಕೆ? ಅಂತ. ನನಗೇನು ಗೊತ್ತು. ಗಂಡನ ಮುಖ ನೋಡಿದೆ, ಅವನು ಒಳಗೆ ಹೋದ.

ಮುಂದಿನ ಸಂತೆಯ ದಿನ ಮೂರ್ನಾಡಿನಲ್ಲಿ ಪೂವಯ್ಯನವರು ಸಿಕ್ಕರು. ನನ್ನನ್ನು ಕಂಡು ದಾರಿ ತಪ್ಪಿಸಲು ನೋಡಿದರು. ನಾನು ಬಿಡುವವಳೇ? ಅಡ್ಡ ನಿಂತೆ. "ಸುಬೇದಾರ್ರೇ, ಯುದ್ಧ ನೋಡಿದವರು ನೀವು, ಒಬ್ಬ ಹೆಂಗಸಿಗೆ ನಿಜ ಹೇಳಲು ಹೆದರುತ್ತೀರಾ?" ಅಂದೆ. ಆಗ ಹೇಳಿದರು.

ಧರ್ಮ ಹೊಗೆ ನೋಡಿ ಸರಿಯಾಗಿಯೇ ಹಾರಿದ್ದ. ಪಕ್ಕದ ಹುಡುಗನೊಬ್ಬ ಮೊದಲೇ ಹಾರಿಬಿಟ್ಟಿದ್ದ. ಎರಡನೇ ಗುಂಡು ಬಿತ್ತು, ಎಲ್ಲರೂ ತಿರುಗಿದರು. ಆಚೆ ದಡದಲ್ಲಿ ಗುರುವಪ್ಪನ ಕೈ ತಲೆಗೆ ಹೋಯಿತು, ಕೆಂಪು ವಸ್ತ್ರ ತೆಗೆಯಿತು. ಪೂವಯ್ಯನವರು ಸದ್ಯ ಅಂದುಕೊಂಡರು. ಆದರೆ ಕೈ ಮೇಲೆ ಹೋಗಲಿಲ್ಲ. ಒಂದರ ಹಿಂದೆ ಒಂದು ಎರಡು ಗುಂಡು ಕೇಳಿದ ನಮ್ಮ ಊರಿನ ಗಂಡಸು ಏನು ಮಾಡುತ್ತಾನೋ ಅದನ್ನೇ ಮಾಡಿದ. ವಸ್ತ್ರ ಎದೆಗೆ ಹಿಡಿದು, ತಲೆ ಬಗ್ಗಿಸಿ, ಕಣ್ಣು ಮುಚ್ಚಿ ನಿಂತ. "ನನ್ನ ಕೈಯೂ ಟೊಪ್ಪಿಗೆಗೆ ಹೋಗಿತ್ತು ಬೊಳ್ಳಮ್ಮ" ಅಂದರು ಪೂವಯ್ಯನವರು.

ಇಷ್ಟೇ ಆಗಿದ್ದರೆ ನಾನು ನನ್ನ ಗಂಡನನ್ನು ಬೈಯುತ್ತಿರಲಿಲ್ಲ. ಹುಟ್ಟಿನಿಂದ ಬಂದ ಅಭ್ಯಾಸ, ಕೈ ತಾನಾಗಿ ಹೋಗುತ್ತದೆ. ಆದರೆ ಅವನು ಕಣ್ಣು ಬಿಟ್ಟಾಗ ಧರ್ಮ ಇನ್ನೂ ಕೆರೆಯ ಅರ್ಧವೂ ದಾಟಿರಲಿಲ್ಲ. ಆಗಲಾದರೂ ಬೀಸಬಹುದಿತ್ತು. ಪಕ್ಕದಲ್ಲಿ ನಿಂತ ಮೈಸೂರಿನವರು, ಇದೇನು ಗೌಡರೇ, ಯಾರು ಸತ್ತರು, ಅಂತ ನಕ್ಕರಂತೆ. ಇವನಿಗೆ ನಾಚಿಕೆಯಾಯಿತು. ವಸ್ತ್ರವನ್ನು ಮೆಲ್ಲನೆ ತಲೆಗೆ ಸುತ್ತಿಕೊಂಡ. ಏನೂ ಆಗಿಲ್ಲ ಅನ್ನುವ ಹಾಗೆ ಕೈಕಟ್ಟಿ ನಿಂತ. ಈಚೆ ದಡದಿಂದ ಪೂವಯ್ಯನವರು ಗಂಟಲು ಹರಿಯುವಂತೆ ಕೂಗಿದರು, ಕೂಗಿದ್ದು ಯಾರಿಗೆ, ಕೆಪ್ಪನಿಗೆ.

ಧರ್ಮ ಒಬ್ಬನೇ ಈಜಿದ. ಪಕ್ಕದಲ್ಲಿ ಯಾರೂ ಇಲ್ಲ ಅಂತ ಅವನಿಗೆ ಗೊತ್ತಾಗಿರಬೇಕು, ಎಲ್ಲರನ್ನೂ ಅಷ್ಟು ಹಿಂದೆ ಬಿಟ್ಟೆ ಅಂದುಕೊಂಡ. ಆಚೆ ದಡದಲ್ಲಿ ಗುರುತಿಗೆ ನೆಟ್ಟ ಬಿದಿರು ಮುಟ್ಟಿ ಕೈ ಎತ್ತಿದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗೆದ್ದದ್ದಕ್ಕೆ ಅಂತ ತಿಳಿದು ಅವನೂ ನಕ್ಕ. ಎದೆಯ ಮೇಲೆ 'ಧ' ಬರೆದು ತೋರಿಸಿದ, ಆ ಜನಕ್ಕೆ.

ಆಮೇಲೆ ಅಣ್ಣ ಸನ್ನೆ ಮಾಡಿದ, ವಾಪಸು ಹೋಗು, ಇನ್ನೊಮ್ಮೆ. ದೋಣಿ ಕಳಿಸುವ ಪುಣ್ಯಾತ್ಮ ಯಾರೂ ಇರಲಿಲ್ಲ, ಈಜಿಕೊಂಡೇ ವಾಪಸು ಬಂದ. ಸ್ವಲ್ಪ ಹೊತ್ತು ತಡೆಯಿರಿ ಅಂತ ಪೂವಯ್ಯನವರು ಕೈಮುಗಿದರು. ದೊಡ್ಡವರು ಬಹುಮಾನ ಕೊಡಲು ಬಂದು ಕೂತಿದ್ದಾರೆ, ಕಾಯಲು ಆಗುವುದಿಲ್ಲ ಅಂದರಂತೆ. ಉಸಿರು ಕಟ್ಟಿಕೊಂಡು ಮತ್ತೆ ಹಾರಿದ. ಎರಡು ಸಲ ದಾಟಿದ ಕೆರೆಯನ್ನು ಮೂರನೇ ಸಲ ದಾಟಿ ಮೂರನೆಯವನಾಗಿ ಬಂದ. ತೆಗೆದುಕೊಂಡದ್ದು ಇಬ್ಬರನ್ನು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ, ಇಲ್ಲಿ ಪೂಜಾರಿ ಒಡಹುಟ್ಟಿದ ಅಣ್ಣ.

ಮನೆಗೆ ಬಂದವಳೇ ಧರ್ಮನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಎಲ್ಲವನ್ನೂ ಕೈಯಲ್ಲಿ ಹೇಳಿದೆ. ಸತ್ತವರ ಎರಡು ಗುಂಡು ಅವನಿಗೂ ಗೊತ್ತು, ಎರಡು ಹೊಗೆ ನೋಡಿದವನು. ವಸ್ತ್ರ ಎದೆಗೆ, ತಲೆ ಕೆಳಗೆ. ಅದಕ್ಕೆ ಅವನು ತಲೆಯಾಡಿಸಿದ, ಸಿಟ್ಟಾಗಲಿಲ್ಲ. ಆಮೇಲೆ ಕಣ್ಣು ಬಿಟ್ಟದ್ದು, ನೀನು ನೀರಿನಲ್ಲಿ, ವಸ್ತ್ರ ವಾಪಸು ತಲೆಗೆ. ಅದನ್ನು ಇನ್ನೊಮ್ಮೆ ತೋರಿಸು ಅಂದ. ತೋರಿಸಿದೆ. ಅವನೂ ಮಾಡಿ ನೋಡಿದ, ನಿಧಾನವಾಗಿ ಸುತ್ತು ಸುತ್ತಾಗಿ, ಕೊನೆಯ ಅಂಚು ಸಿಕ್ಕಿಸುವ ತನಕ. ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಹೆಸರು ಮಾಸಿ ಹೋಗಿದ್ದರೂ ಇತ್ತು. ಅವನು ಅದರ ಕಡೆ ನೋಡಲಿಲ್ಲ.

ಗಂಡನಿಗೆ ಮುಖದ ಮೇಲೆ ಕೇಳಿದೆ. "ಗದ್ದೆ ಉಳುವವ ಕೈತಪ್ಪಿ ಹೋಗುತ್ತಾನೆ ಅಂತ ತಾನೆ ವಸ್ತ್ರ ಸುತ್ತಿಕೊಂಡಿರಿ?" ಅಂದೆ. "ಎಲ್ಲರೂ ನಗುತ್ತಿದ್ದರು" ಅಂದ. ಅಷ್ಟೇ. ಅದಕ್ಕಿಂತ ಹೆಚ್ಚು ಸಾಯುವ ತನಕ ಹೇಳಲಿಲ್ಲ. ಊರಿನಲ್ಲಿ ಮಾತ್ರ ಕೆಪ್ಪ ನೋಡಲಿಲ್ಲ ಅನ್ನುವ ಕತೆಯೇ ಉಳಿಯಿತು.

ಧರ್ಮ ಮತ್ತೆ ಪಂದ್ಯಕ್ಕೆ ಇಳಿಯಲಿಲ್ಲ. ಹುತ್ತರಿ ಕಳೆದ ಮೇಲೆ ಪೂವಯ್ಯನವರು ಕರೆಯಲು ಬಂದರು, ಅವನು ಎಮ್ಮೆ ಮೈ ತೊಳೆಯುತ್ತಾ ತಿರುಗಿ ನೋಡಲಿಲ್ಲ. ಅದನ್ನು ತಡೆದುಕೊಂಡೆ. ತಡೆಯಲಾರದೆ ಹೋದದ್ದು ಇನ್ನೊಂದು. ಹೊಸಬರು ಯಾರೋ ಬಂದು ನೀನು ಯಾರು ಅಂತ ಕೈಯಲ್ಲಿ ಕೇಳಿದಾಗ ಅವನು ಕಿವಿಗೆ ಬೆರಳಿಟ್ಟು ಕೈ ಅಲ್ಲಾಡಿಸಿದ. ಊರಿನವರು ಮಾಡುವ ಹಾಗೆಯೇ. ನಾನು ಒಳಗೆ ಹೋಗಿ ಅತ್ತೆ.

ವರ್ಷಗಳು ಹೋದವು. ಅವನು ಉತ್ತ, ನೆಟ್ಟ, ಕೊಯ್ದ. ನನ್ನ ಗಂಡನಿಗೆ ಎದೆಯ ಕಾಯಿಲೆ ಬಂದು ಮಲಗಿದಾಗ ಎತ್ತಿ ಹೊರಗೆ ಕರೆದುಕೊಂಡು ಹೋಗುತ್ತಿದ್ದವನೂ, ಬಾಯಿಗೆ ಗಂಜಿ ಹಾಕುತ್ತಿದ್ದವನೂ ಅವನೇ. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಮರೆತಿದ್ದಾನೆ ಅಂದುಕೊಂಡೆ. ನಾನೂ ಎಂಥ ದಡ್ಡಿ.

ಗಂಡ ಹೋದದ್ದು ಒಂದು ಮಧ್ಯಾಹ್ನ, ನಾಟಿಯ ಸಮಯ, ಗದ್ದೆಗಳಲ್ಲೆಲ್ಲ ಜನ. ನಮಗೆ ಮಕ್ಕಳಿಲ್ಲ. ಮನೆಯ ಗಂಡಸು ಅಂದರೆ ಧರ್ಮ ಒಬ್ಬನೇ, ಗುಂಡು ಹಾರಿಸಬೇಕಾದವನೂ ಅವನೇ. ನಾನು ಎರಡು ಬೆರಳು ತೋರಿಸಿ ಕೋವಿ ಕೈಗೆ ಕೊಟ್ಟೆ. ಜೋಡಿ ನಳಿಗೆಯ ಕೋವಿ, ಎರಡರಲ್ಲೂ ಮದ್ದು ಇತ್ತು. ಅಂಗಳಕ್ಕೆ ಇಳಿದ, ಆಕಾಶಕ್ಕೆ ಹಿಡಿದ, ಒಂದು ಹಾರಿಸಿದ. ಹೊಗೆ ಮೇಲೆ ಹೋಗುವುದನ್ನು ಕೊನೆಯ ತನಕ ನೋಡಿದ.

ಗದ್ದೆಗಳಲ್ಲಿ ಜನ ಸೊಂಟ ನೆಟ್ಟಗೆ ಮಾಡಿ ನಿಂತು ಕಾಯುತ್ತಿದ್ದರು. ನಾನೂ ಕಾದೆ. ಅವನು ಕೋವಿಯನ್ನು ಕೆಳಗೆ ಇಳಿಸಿದ. ನಾನು ಮತ್ತೆ ಎರಡು ಬೆರಳು ತೋರಿಸಿದೆ. ಅವನು ನನ್ನ ಕಡೆ ತಿರುಗಿ, ತಲೆಯ ಸುತ್ತ ಕೈ ಆಡಿಸಿ, ನಿಧಾನವಾಗಿ, ಸುತ್ತು ಸುತ್ತಾಗಿ, ವಸ್ತ್ರ ಸುತ್ತಿಕೊಂಡು ತೋರಿಸಿದ. ಕೊನೆಯ ಅಂಚು ಸಿಕ್ಕಿಸಿದ. ಆಮೇಲೆ ಕೈಕಟ್ಟಿ ನಿಂತ.

ಒಳಗೆ ಗಂಡನ ಹೆಣ. ನನಗೆ ಅಳು ಬರಬೇಕಿತ್ತು. ಕೋವಿಯನ್ನು ನಾನೇ ತೆಗೆದುಕೊಳ್ಳಬಹುದಿತ್ತು, ಹಾರಿಸಲು ನನಗೂ ಬರುತ್ತದೆ. ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳಬೇಕು?

ಕೆಳಗಿನ ಗದ್ದೆಗಳಲ್ಲಿ ನಗು ಎದ್ದಿತು. ಹೊಳೆಯಾಚೆಯಿಂದ ಯಾರೋ ಖುಷಿಗೆ ಕೂ ಹಾಕಿದರು. ಜನ ಮತ್ತೆ ನಾಟಿಗೆ ಬಗ್ಗಿದರು. ಆಚೆ ಊರುಗಳ ನಂಟರು ಅವತ್ತು ಬರಲೇ ಇಲ್ಲ, ಅವರು ಕೇಳಿದ್ದು ಒಂದೇ ಗುಂಡು. ಊರಿಗೆಲ್ಲ ದೊಡ್ಡವನಾಗಿದ್ದ ಗುರುವಪ್ಪ ಗೌಡನನ್ನು ಹೊರಲು ಕೊನೆಗೆ ನಾಲ್ಕು ಜನ ಸಿಕ್ಕಿದ್ದೇ ಕಷ್ಟವಾಯಿತು.

ಪಕ್ಕದ ಮನೆಯ ತಂಗಮ್ಮ ಮಾತ್ರ ಕೆಸರು ಕಾಲಿನಲ್ಲೇ ಅಂಗಳಕ್ಕೆ ಓಡಿ ಬಂದಳು. ಮುಖದ ತುಂಬ ನಗು. "ಬೊಳ್ಳಮ್ಮಕ್ಕ, ನಿಮ್ಮಲ್ಲಿ ಬಸುರಿ ಯಾರೂ ಇಲ್ಲವಲ್ಲ, ಯಾರಿಗೆ ಗಂಡು ಹುಟ್ಟಿತು?" ಅಂತ ಕೇಳಿದಳು.

ನಾನು ಅಂಗಳದ ನಡುವೆ ಕೈಕಟ್ಟಿ ನಿಂತವನನ್ನು ನೋಡಿದೆ.

"ಧರ್ಮಪಾಲ ಅಂತ ಹೆಸರು" ಅಂದೆ.